ಹನ್ನೊಂದನೇ ನಂಬರಿನ ಮನೆ

ಕೈ ಎಣಿಸುವುದು ನನ್ನ ಕೆಲಸ.
ಆ ಸಭೆಯಲ್ಲಿ ನನಗೆ ಮತವಿಲ್ಲ, ಪೆನ್ಸಿಲ್ ಇದೆ.
ಸ್ಲೊವಾಕಿಯಾದ ಮೂಡಣ ಅಂಚು,
ಅಕ್ಟೋಬರಿಗೇ ನೆಲ ಕಲ್ಲಾಗುವ ಊರು;
ಹುಟ್ಟು, ಸಾವು, ನಾಯಿಯ ಲೈಸೆನ್ಸು,
ಎಲ್ಲಕ್ಕೂ ನನ್ನ ಮೇಜಿನ ಒಂದೇ ಮೊಹರು.

ಆ ವರ್ಷದ ಬಿರುಗಾಳಿಗೆ
ಊರೊಟ್ಟಿನ ಕಾಡಿನಲ್ಲಿ ಬೀಚ್ ಮರಗಳು ಅಡ್ಡಬಿದ್ದವು.
ಕೊಯ್ದು, ಸೀಳಿ, ಅಗ್ನಿಶಾಮಕ ಠಾಣೆಯ ಹಿಂದೆ ಒಟ್ಟಿದರು,
ನೂರಿಪ್ಪತ್ತು ಗಾಡಿ ಸೌದೆ.
(ಸೀಳಿದವರಲ್ಲಿ ಗೆಯ್ಜಾ ದುಂಕಾ ಇದ್ದ, ದಿನಗೂಲಿಗೆ.)
ಮೇಯರ್ ವೆಂಡೆಲಿನ್ ಗಂಟಲು ಸರಿಮಾಡಿಕೊಂಡ:
ಯಾರ ಒಲೆ ತಣ್ಣಗಿದೆಯೋ ಅವರಿಗೆ ಪುಕ್ಕಟೆ ಕೊಡೋಣವೆ?

ನಾನು ಓದಿದೆ. ಮೂರು, ಏಳು, ಹನ್ನೊಂದು, ಹತ್ತೊಂಬತ್ತು...
ಬರೀ ಮನೆ ನಂಬರು. ಒಟ್ಟು ಅರವತ್ತೆರಡು.
ಎಂಬತ್ತೊಂಬತ್ತು ಜನ, ಎಂಬತ್ತೊಂಬತ್ತು ಕೈ.
ಯಾರೋ ಚಪ್ಪಾಳೆ ಕೂಡ ತಟ್ಟಿದರು, ತಮಗೆ ತಾವೇ.

ಆಗ ಹಿಂದಿನ ಬೆಂಚಿನಿಂದ ಒಂದು ದನಿ,
ಕೋಪವಿಲ್ಲದ, ಕೊಂಚ ಬೇಸರದ ದನಿ:
ಹೆಸರು ಓದಿ.

ಓದಬಾರದೆಂದು ಕಾನೂನಿರಲಿಲ್ಲ.
ಓದಿದೆ.
ಕಾಲುವೆಯಾಚೆಯ ಮೊದಲ ಹೆಸರು ಬಂದಾಗ
ನನ್ನ ದನಿ ತಾನಾಗಿ ಒಂದು ಮೆಟ್ಟಿಲು ಇಳಿಯಿತು,
ಕಾಯಿಲೆಯ ಹೆಸರು ಹೇಳುವಾಗ ಇಳಿಯುತ್ತದಲ್ಲ, ಹಾಗೆ.
ಗೆಯ್ಜಾ ದುಂಕಾ. ಅರಾಂಕಾ ದುಂಕೋವಾ, ವಿಧವೆ, ಮೊಮ್ಮಕ್ಕಳು ಐದು.
ಅರವತ್ತೆರಡರಲ್ಲಿ ಅವರು ಇಪ್ಪತ್ತು.
ಉಳಿದ ನಲವತ್ತೆರಡನ್ನು ಯಾರೂ ಕೇಳಿಸಿಕೊಳ್ಳಲಿಲ್ಲ.

ಮಾರಿ ಕುಡಿಯುತ್ತಾರೆ ಎಂದರು.
ದುಡಿಯದವರಿಗೆ ಯಾಕೆ ಎಂದರು.
ನಮ್ಮ ಅಜ್ಜಂದಿರು ನೆಟ್ಟ ಕಾಡು ಎಂದರು;
ಆ ಕಾಡನ್ನು ಯಾರ ಅಜ್ಜನೂ ನೆಟ್ಟಿರಲಿಲ್ಲ.
ಮಾತಾಡಲು ಆಚೆಯವರು ಒಬ್ಬರೂ ಅಲ್ಲಿರಲಿಲ್ಲ.
ಸಭೆಯ ಚೀಟಿಯನ್ನು ಕಾಲುವೆಯ ಈಚೆಯ ಕಂಬಕ್ಕೆ ಅಂಟಿಸಿತ್ತು.
ಅಂಟಿಸಿದ್ದು ನಾನೇ.

ಮತ್ತೆ ಕೈ. ಪರವಾಗಿ ಮೂವತ್ತೊಂದು.
ವಿರೋಧಕ್ಕೆ ಎತ್ತಿದ ಕೈಗಳಲ್ಲಿ ಒಂದು
ಬ್ಲಾಝೆನಾಳದು, ಮನೆ ನಂಬರು ಹನ್ನೊಂದು.
ಮೊಣಕೈ ಪೂರ್ತಿ ನೇರವಾಗದು ಅವಳಿಗೆ, ಸಂಧಿವಾತ;
ಎಡಗೈಯಿಂದ ಬಲಗೈಯನ್ನು ಹಿಡಿದು ಎತ್ತಿದ್ದಳು.

ಹೊರಗೆ ಮೆಟ್ಟಿಲ ಮೇಲೆ ಕೇಳಿದೆ:
ಅಜ್ಜಿ, ಪಟ್ಟಿಯಲ್ಲಿ ನಿಮ್ಮ ಹೆಸರೂ ಇತ್ತಲ್ಲ.
ಇತ್ತು, ಎಂದಳು. ಅದಕ್ಕೇ.
ನಲವತ್ತು ವರ್ಷ ಹೊಲಿಗೆ ಕಾರ್ಖಾನೆಯಲ್ಲಿ ಕಾಲರ್ ಹೊಲಿದೆ,
ಕೊನೆಗೆ ಅವರ ಸಾಲಿನಲ್ಲಿ ನಿಲ್ಲೋದಕ್ಕಾ?
ಕೋಟು ಹಾಕಿಕೊಂಡೇ ಮಲಗುತ್ತೇನೆ ಬಿಡು.

ಸೌದೆ ಬೇಕಿತ್ತು ಅವಳಿಗೆ.
ಪಟ್ಟಿ ಬೇಡವಾಗಿತ್ತು.

ನೆರೆಯವನಿಗೆ ಅಪಶಕುನವಾಗಲೆಂದು ಮೂಗು ಕೊಯ್ದುಕೊಂಡವರನ್ನು
ನಗುವುದು ಸುಲಭ.
ಆದರೆ ಹತ್ತಿರದಿಂದ ನೋಡಿದರೆ
ಅವಳ ಬಳಿ ಉಳಿದಿದ್ದ ಆಸ್ತಿ ಅದೊಂದೇ,
ಕಾಲುವೆಯ ಈಚೆ ಇರುವುದು.
ಅದನ್ನು ಹಂಚಿಬಿಟ್ಟರೆ ಮತ್ತೇನಿದೆ ಅವಳಿಗೆ?
ಹೀಗೆ ಅಂದುಕೊಂಡು ನಾನು ಮನೆಗೆ ಹೋಗಿ
ಗ್ಯಾಸಿನ ಹೀಟರ್ ಹಚ್ಚಿದೆ.

ಜನವರಿ. ಮೈನಸ್ ಹತ್ತೊಂಬತ್ತು.
ಟಾರ್ಪಾಲಿನ ಅಡಿ ಸೌದೆ ಹಾಗೇ ಇತ್ತು, ಅಂಚಿಗೆ ಬಿಳಿ ಬೂಷ್ಟು.
ಬ್ಲಾಝೆನಾ ಕಚೇರಿಗೆ ಬಂದಳು, ಯಾವುದೋ ಅರ್ಜಿ,
ರೇಡಿಯೇಟರಿನ ಪಕ್ಕ ಕೂತು ಬರೆಯತೊಡಗಿದಳು.
ಒಂದು ಪದ, ಕನ್ನಡಕ ಒರೆಸುವುದು, ಇನ್ನೊಂದು ಪದ.
ಸ್ವಲ್ಪ ಹೊತ್ತಿಗೆ ಅರಾಂಕಾ ಬಂದಳು, ಅವಳಿಗೂ ಅರ್ಜಿ ಬೇಕಂತೆ.
ಯಾವ ಅರ್ಜಿ ಎಂದೆ.
ಅವಳು ರೇಡಿಯೇಟರ್ ನೋಡಿದಳು. ಯಾವುದಾದರೂ, ಎಂದಳು.

ಬೆಂಚಿನ ಆ ತುದಿ, ಈ ತುದಿ.
ನಡುವೆ ಮೂರು ಜನ ಕೂರುವಷ್ಟು ಜಾಗ.
ಇಬ್ಬರ ಬೂಟಿನ ಹಿಮವೂ ಕರಗಿ
ಹೆಂಚಿನ ಸಂದಿಯಲ್ಲಿ ಹರಿದು
ನನ್ನ ಮೇಜಿನ ಕಾಲ ಬಳಿ ನಿಂತಿತು.
ಅವರು ಮಾತಾಡಲಿಲ್ಲ. ಈಗಲೂ ಆಡುವುದಿಲ್ಲ.

ನಾಲ್ಕಕ್ಕೆ ಹಾಕಬೇಕಾದ ಬೀಗವನ್ನು
ಆರೂವರೆಗೆ ಹಾಕಿದೆ.
ದಿನಚರಿ ಪುಸ್ತಕದಲ್ಲಿ ನಾಲ್ಕು ಎಂದೇ ಬರೆದೆ.